ಬೂದು ಬಟ್ಟೆಗೆ ನೀಲಿ

ಬಿಳಿಯಮ್ಮನಿಗೆ ಆ ಹೆಸರು ಬಿದ್ದದ್ದು ಮೈಬಣ್ಣದಿಂದಲ್ಲ. ಮೂವತ್ತೆರಡು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದು ಅವರು ಸಂಪಾದಿಸಿದ ಹೆಸರದು. ಅವರ ಕೈಯಿಂದ ಹೊರಬಂದ ಹಾಸಿಗೆಯ ಹೊದಿಕೆ ಕಂಡು ದೊಡ್ಡ ಡಾಕ್ಟರೇ ಒಮ್ಮೆ ಕಣ್ಣು ಕಿರಿದು ಮಾಡಿಕೊಂಡಿದ್ದರಂತೆ. ಈ ಸಂಗತಿಗೆ ಸಾಕ್ಷಿ ಅವರೊಬ್ಬರೇ, ಆದರೆ ಅದನ್ನು ಕೇಳದವರು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಬಿಳಿಯಲ್ಲಿ ಒಂಬತ್ತು ಬಗೆ ಎಂದು ಅವರು ಬೆರಳು ಮಡಿಸುತ್ತ ಶುರು ಮಾಡುವರು. ಹಾಲಿನ ಬಿಳಿ, ಸುಣ್ಣದ ಬಿಳಿ, ಮೂಳೆಯ ಬಿಳಿ ಎಂದು ಐದನೆಯದಕ್ಕೆ ಬರುವಷ್ಟರಲ್ಲಿ ಕೇಳುತ್ತಿದ್ದವರಿಗೆ ಎಲ್ಲೋ ತುರ್ತು ಕೆಲಸ ನೆನಪಾಗಿರುತ್ತಿತ್ತು.

ನಿವೃತ್ತಿಯಾದ ಮೇಲೆ ಅವರಿಗೆ ಬಂದ ದೊಡ್ಡ ಕಷ್ಟವೆಂದರೆ ಕೊಳೆಯ ಅಭಾವ. ಮನೆಯಲ್ಲಿ ಇದ್ದದ್ದು ಮೂರೇ ಜನ: ಅವರು, ಲಿಫ್ಟ್ ರಿಪೇರಿಗೆ ಹೋಗುವ ಚಿಕ್ಕ ಮಗ, ಅವನ ಹೆಂಡತಿ. ಮೂರು ಜನ ಸೇರಿ ಎಷ್ಟು ಕೊಳೆ ಮಾಡಿಯಾರು? ಒಗೆದ ಪರದೆಯನ್ನೇ ಮತ್ತೆ ಒಗೆದರು. ಪಕ್ಕದ ಮನೆಯ ಕಾಲೊರಸನ್ನು ಕೇಳದೇ ತಂದು ಒಗೆದು, ಅದರ ಮೇಲೆ ಕಾಲಿಡಲು ಆ ಮನೆಯವರೇ ಹಿಂಜರಿಯುವಂತೆ ಮಾಡಿದರು.

ಅಂಥ ಸಮಯದಲ್ಲಿ ಸೊಸೆಯ ಕೆಲಸ ಅವರ ಕೈಗೆ ಸಿಕ್ಕಿತು. ಸೊಸೆ ಫೋಟೋಗ್ರಾಫರ್. ಮೊದಲು ಬಿಳಿಯಮ್ಮನ ದೊಡ್ಡ ಮಗನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ದಿನವಿಡೀ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದಳು. ಗಲ್ಲ ಮೇಲೆ, ಕಿವಿ ಕಾಣಲಿ, ನಗಬೇಡಿ. ನಾಲ್ಕು ವರ್ಷ ಜನರಿಗೆ ನಗಬೇಡಿ ಎಂದು ಹೇಳಿ ಹೇಳಿ ಬೇಸತ್ತು, ಕಳೆದ ವರ್ಷ ಅದನ್ನು ಬಿಟ್ಟು ಸ್ವಂತಕ್ಕೆ ಇಳಿದಿದ್ದಳು. ಸಂಜೆ ದೀಪ ಹತ್ತಿದ ಮೇಲೆ ಅಂಗಡಿ, ಹೋಟೆಲು, ಆಸ್ಪತ್ರೆಗಳು ಹೇಗೆ ಕಾಣುತ್ತವೆ ಎಂದು ಚಿತ್ರ ತೆಗೆದುಕೊಡುವುದು ಅವಳ ಕಸುಬು. ಭಾವ ದೊಡ್ಡ ಮನಸ್ಸು ಮಾಡಿ, ವರ್ಷ ತುಂಬುವವರೆಗೆ ಸ್ಟೂಲು ಖಾಲಿ ಇಟ್ಟಿರುತ್ತೇನೆ ಎಂದಿದ್ದ. ಆ ದೊಡ್ಡ ಮನಸ್ಸು ಅವಳ ಕಣ್ಣಿಗೆ ಚುಚ್ಚುತ್ತಿತ್ತು, ಸ್ಟೂಲಿಗಿಂತ ಹೆಚ್ಚಾಗಿ.

ರಾತ್ರಿಯ ಚಿತ್ರದಲ್ಲಿ ಒಂದು ತಕರಾರಿದೆ. ಬೀದಿದೀಪ ಹಳದಿ, ಟ್ಯೂಬ್‌ಲೈಟು ಹಸಿರು, ಹೊಸ ದೀಪಗಳು ನೀಲಿ. ನಮ್ಮ ಕಣ್ಣು ಇದನ್ನೆಲ್ಲ ಸರಿದೂಗಿಸಿಕೊಂಡು ಹೋಗುತ್ತದೆ, ಕ್ಯಾಮೆರಾಕ್ಕೆ ಅಷ್ಟು ದಾಕ್ಷಿಣ್ಯವಿಲ್ಲ. ಅದಕ್ಕೆ ಸೊಸೆ ಒಂದು ಬೂದು ಬಟ್ಟೆ ಇಟ್ಟುಕೊಂಡಿದ್ದಳು. ಕರವಸ್ತ್ರಕ್ಕಿಂತ ಸ್ವಲ್ಪ ದೊಡ್ಡದು, ದಪ್ಪಗಿನದು. ಚಿತ್ರ ತೆಗೆಯುವ ಮೊದಲು ಆ ಜಾಗದಲ್ಲಿ ಯಾರಾದರೂ ಅದನ್ನು ಹಿಡಿದು ನಿಲ್ಲಬೇಕು. ಅವಳು ಬಟ್ಟೆಯ ಚಿತ್ರ ತೆಗೆದು, ಇದು ಬರೀ ಬೂದು, ಇದರಲ್ಲಿ ಯಾವ ಬಣ್ಣವೂ ಇಲ್ಲ ಎಂದು ಕ್ಯಾಮೆರಾಕ್ಕೆ ತಿಳಿಸುತ್ತಾಳೆ. ಆಮೇಲೆ ಬಟ್ಟೆಯ ಮೇಲೆ ಕಂಡ ಬಣ್ಣವನ್ನೆಲ್ಲ ಕ್ಯಾಮೆರಾ ಚಿತ್ರದಿಂದ ಕಳೆದುಬಿಡುತ್ತದೆ. ಹಿಡಿದು ನಿಲ್ಲುವ ಕೆಲಸ ಬಿಳಿಯಮ್ಮನದಾಯಿತು. ಸಂಜೆಯಾದರೆ ಅವರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಸಿದ್ಧ. ಬಟ್ಟೆ ಹಿಡಿಯುವಾಗ ಅವರ ಮುಖದಲ್ಲಿದ್ದ ಗತ್ತು ಬಾವುಟ ಹಿಡಿದವರಿಗೂ ಇರುವುದಿಲ್ಲ. ಅವರು ಸುಖವಾಗಿದ್ದರು, ಅದನ್ನು ಯಾರಿಗೂ ಹೇಳಿರಲಿಲ್ಲ ಅಷ್ಟೇ.

ಒಂದೇ ಒಂದು ಸಂಗತಿ ಅವರ ಮನಸ್ಸಿಗೆ ಹಿಡಿಸಿರಲಿಲ್ಲ. ಆ ಬಟ್ಟೆ ಕೊಳಕಾಗಿತ್ತು.

ಬೂದು ಎಂಬುದು ಒಂದು ಬಣ್ಣವೆಂದು ಬಿಳಿಯಮ್ಮ ಒಪ್ಪುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಬೂದು ಎಂದರೆ ಯಾರೋ ಸೋಮಾರಿಯ ಕೈಗೆ ಸಿಕ್ಕ ಬಿಳಿ. ದೊಡ್ಡ ದೊಡ್ಡವರ ಮುಂದೆ ತನ್ನ ಸೊಸೆ ಇಂಥ ಬಟ್ಟೆ ಬಿಚ್ಚುತ್ತಾಳಲ್ಲ ಎಂದು ಅವರಿಗೆ ಒಳಗೊಳಗೇ ನಾಚಿಕೆ. ಹೇಳಿದರೆ ಹುಡುಗಿ ನೊಂದುಕೊಳ್ಳುತ್ತಾಳೆ. ಅದಕ್ಕೆ ಹೇಳದೆಯೇ, ಒಂದು ಮಂಗಳವಾರ ಅವಳು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಚೀಲದಿಂದ ಮೆಲ್ಲಗೆ ಬಟ್ಟೆ ತೆಗೆದು ಬ್ಲೀಚಿಂಗ್ ಪುಡಿಯಲ್ಲಿ ನೆನೆಹಾಕಿದರು. ಚೆನ್ನಾಗಿ ಕುಕ್ಕಿ, ಜಾಲಿಸಿ, ಕಡೆಯ ನೀರಿಗೆ ಎರಡು ತೊಟ್ಟು ನೀಲಿ ಬಿಟ್ಟರು. ಒಣಗಿಸಿ, ಇಸ್ತ್ರಿ ಮಾಡಿ, ಸಂಜೆಯೊಳಗೆ ಚೀಲಕ್ಕೆ ಸೇರಿಸಿದರು. ಬಟ್ಟೆಯ ಬಣ್ಣ ಒಂದು ಛಾಯೆ ತಿಳಿಯಾಗಿತ್ತು. ಸಾಲದು ಅನ್ನಿಸಿತು. ಮುಂದಿನ ಮಂಗಳವಾರ ಮತ್ತೆ. ಅದರ ಮುಂದಿನ ಮಂಗಳವಾರ ಮತ್ತೆ. ಕೈ ತೊಳೆದುಕೊಂಡು ಬೆನ್ನು ಹತ್ತುವುದು ಎಂದರೆ ಏನೆಂದು ಆ ಬಟ್ಟೆಗೆ ಚೆನ್ನಾಗಿ ಗೊತ್ತಾಯಿತು. ನಾಲ್ಕನೆಯ ಒಗೆತಕ್ಕೆ ಅದು ಬೆಳಗಿನ ಬಾನಿನ ಅಂಚಿನಷ್ಟು ತೆಳು ನೀಲಿಯಲ್ಲಿ ಮಿರುಗುತ್ತಿತ್ತು.

ಸೊಸೆಗೆ ಗೊತ್ತಾಗಲಿಲ್ಲವೇ ಎಂದು ಕೇಳಬಹುದು. ಅವಳು ಆ ಬಟ್ಟೆಯನ್ನು ಹಗಲಲ್ಲಿ ನೋಡಿದ್ದೇ ಇಲ್ಲ. ಅದು ಚೀಲದಿಂದ ಹೊರಬರುತ್ತಿದ್ದದ್ದು ಹಳದಿ ಹಸಿರು ದೀಪಗಳ ಕೆಳಗೆ, ಅಲ್ಲಿ ಯಾವುದರ ನಿಜಬಣ್ಣವೂ ಕಾಣುವುದಿಲ್ಲ. ಬಟ್ಟೆಗೆ ಇಸ್ತ್ರಿ ಬಿದ್ದದ್ದು ಮಾತ್ರ ಕಂಡಿತ್ತು. ಅದಕ್ಕೆ ಅವಳು ಗಂಡನನ್ನು ಹೊಗಳಿದಳು. ಅವನು ಇಸ್ತ್ರಿಪೆಟ್ಟಿಗೆ ಮುಟ್ಟಿ ವರ್ಷವಾಗಿತ್ತು, ಆದರೂ ಬಂದ ಹೊಗಳಿಕೆಯನ್ನು ಬೇಡ ಎನ್ನಲಿಲ್ಲ.

ಚಿತ್ರಗಳು ಮಾತ್ರ ವಾರದಿಂದ ವಾರಕ್ಕೆ ಹಳದಿಯಾಗತೊಡಗಿದವು. ಹೋಟೆಲಿನವರು ಬಿಳಿ ಗೋಡೆ ಹಳೇ ಪುಸ್ತಕದ ಹಾಳೆಯ ಹಾಗಿದೆ ಎಂದು ಮೂಗು ಮುರಿದರು. ಬಟ್ಟೆ ಅಂಗಡಿಯವರು ಸುಮ್ಮನಿದ್ದರು, ಮತ್ತೆ ಕರೆಯಲಿಲ್ಲ. ಕಡೆಗೆ ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನ ಮೇಲೆ ಒಂದಾಳೆತ್ತರದ ನಗುವಿನ ಫಲಕವಿತ್ತು. ಸೊಸೆಯ ಚಿತ್ರದಲ್ಲಿ ಆ ಮೂವತ್ತೆರಡೂ ಹಲ್ಲುಗಳು ಜೋಳದ ತೆನೆಯ ಹಾಗೆ ಹೊಳೆಯುತ್ತಿದ್ದವು. ಡಾಕ್ಟರು ಚಿತ್ರ ವಾಪಸು ಕಳಿಸಿದರು, ಜೊತೆಗೆ ಫೋನಿನಲ್ಲಿ ಹತ್ತು ನಿಮಿಷ ಮಾತನ್ನೂ ಕಳಿಸಿದರು.

ಭಾನುವಾರ ಊಟದ ಹೊತ್ತಿಗೆ ಸೊಸೆಯ ಮುಖ ಬಾಡಿತ್ತು. ಕ್ಯಾಮೆರಾವನ್ನು ರಿಪೇರಿಯವರಿಗೆ ತೋರಿಸಿದ್ದಳು, ಅವರು ಏನೂ ಆಗಿಲ್ಲ ಎಂದಿದ್ದರು. ಗುರುವಾರ ಸಂಜೆ ಬೇಕರಿ ಯಜಮಾನರ ಪರೀಕ್ಷೆ. ಹನ್ನೆರಡು ಬೇಕರಿಗಳ ಒಡೆಯ. ಹಿಂದಿನ ಫೋಟೋಗ್ರಾಫರು ಕಂಪ್ಯೂಟರಿನಲ್ಲಿ ಬಣ್ಣ ಬಳಿದು ಅವರ ಬ್ರೆಡ್ಡನ್ನು ಬೂಷ್ಟು ಹಿಡಿದ ಹಾಗೆ ಮಾಡಿದ್ದನಂತೆ. ಅದಕ್ಕೆ ಅವರ ಷರತ್ತು: ಮೂಲೆಯಂಗಡಿಯ ಒಂದು ಚಿತ್ರ, ತೆಗೆದ ಕೂಡಲೇ ಕ್ಯಾಮೆರಾದಲ್ಲೇ ತೋರಿಸಬೇಕು, ತಿದ್ದುವ ಹಾಗಿಲ್ಲ. ಒಪ್ಪಿಗೆಯಾದರೆ ಹನ್ನೆರಡೂ ಅಂಗಡಿ ಅವಳಿಗೆ. ಆಗದಿದ್ದರೆ, ಭಾವ ಹೇಳಿದ ವರ್ಷ ತುಂಬುವ ಒಂದನೇ ತಾರೀಖಿನಿಂದ ಮತ್ತೆ ಸ್ಟೂಲು.

ಅಷ್ಟಕ್ಕೂ ಆ ಬಟ್ಟೆಯಿಂದ ಏನಾಗುತ್ತದೆ ಎಂದು ಮಗ ಕೇಳಿದ. ಸೊಸೆ ಮೊದಲಿನಿಂದ ವಿವರಿಸಿದಳು. ಬಟ್ಟೆ ಮೇಲೆ ಯಾವ ಬಣ್ಣ ಕಂಡರೆ ಆ ಬಣ್ಣವನ್ನು ಕ್ಯಾಮೆರಾ ಎಲ್ಲದರಿಂದಲೂ ತೆಗೆಯುತ್ತದೆ ಎಂದಳು. ಕಣ್ಣು ಮೋಸ ಹೋಗಬಹುದು, ಬಟ್ಟೆ ಹೋಗುವುದಿಲ್ಲ ಎಂದೂ ಸೇರಿಸಿದಳು.

ಬಿಳಿಯಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಟ್ಟೆಗೆ ನೀಲಿ ಏಕೆ ಹಾಕುತ್ತಾರೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಳೆಯ ಬಿಳಿಗೆ ಅಂಟಿದ ಹಳದಿಯನ್ನು ನೀಲಿ ಅಡಗಿಸುತ್ತದೆ. ಹಾಗಾದರೆ ಕ್ಯಾಮೆರಾ ಎಲ್ಲದರಿಂದಲೂ ನೀಲಿಯನ್ನು ಕಿತ್ತುಹಾಕಿದರೆ ಏನು ಉಳಿಯುತ್ತದೆ? ಹಲ್ಲಿನ ಡಾಕ್ಟರ ಮೂವತ್ತೆರಡು ಹಲ್ಲಿಗೂ ಹಳದಿ ಬಳಿದದ್ದು ತಾವೇ.

ಆಗಲೇ ಬಾಯಿ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮೂವತ್ತೆರಡು ವರ್ಷದಲ್ಲಿ ಒಂದು ಬಟ್ಟೆಯನ್ನೂ ಕೆಡಿಸಿಲ್ಲ ಎಂದು ಬೀದಿಗೆಲ್ಲ ಸಾರಿಕೊಂಡು ಬಂದವರು ಅವರು. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ವಿಷಯ ಗೊತ್ತಾದರೆ ಇನ್ನು ಯಾರೂ ತಮ್ಮನ್ನು ಆ ಚೀಲದ ಹತ್ತಿರ ಸುಳಿಯಗೊಡುವುದಿಲ್ಲ. ಸಂಜೆಯಾದರೆ ಚಪ್ಪಲಿ ಮೆಟ್ಟಿ ಹೊರಡುವ ಸುಖ ಅಲ್ಲಿಗೆ ಮುಗಿಯಿತು. ಮತ್ತೆ ಪಕ್ಕದ ಮನೆಯ ಕಾಲೊರಸೇ ಗತಿ. ಬಿಳಿಯಮ್ಮ ತುತ್ತು ನುಂಗಿ, ಕ್ಯಾಮೆರಾ ಹಳೇದಾಗಿರಬೇಕು ಎಂದರು.

ಸೋಮವಾರ ಬೆಳಿಗ್ಗೆ, ಸೊಸೆ ಇನ್ನೂ ಏಳುವ ಮೊದಲೇ, ಅವರು ಬಟ್ಟೆಯನ್ನು ಸೆರಗಿನಡಿ ಮುಚ್ಚಿಕೊಂಡು ತಾರಸಿ ಹತ್ತಿದರು. ಅದನ್ನು ಮೊದಲಿನ ಹಾಗೆ ಕೊಳೆ ಮಾಡಿಬಿಟ್ಟರೆ ಆಯಿತು, ಅದರಲ್ಲೇನು ಮಹಾ ಎಂಬುದು ಅವರ ಯೋಚನೆ. ಆ ಯೋಚನೆ ತಲೆಕೆಳಗಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸೊಳ್ಳೆಬತ್ತಿಯ ಬೂದಿಯನ್ನು ನೀರಲ್ಲಿ ಕಲಸಿ ಹಚ್ಚಿದರು. ಹಚ್ಚಿದ್ದೇ ತಡ, ಕೈಗಳು ತಾವಾಗಿಯೇ ಬಟ್ಟೆಯನ್ನು ಉಜ್ಜಿ, ಜಾಲಿಸಿ, ಹಿಂಡಿಬಿಟ್ಟವು. ಎರಡನೆಯ ಸಲ ಕೈಗಳಿಗೆ ಬೈದು ಹಚ್ಚಿದರು. ಮೂರನೆಯ ಸಲ ಟೀ ಸೊಪ್ಪು ಬಳಸಿದರು, ಕಂದು ಬಂತು. ಕಂದು ಕಡಿಮೆ ಮಾಡಲು ಪೆನ್ಸಿಲಿನ ಸೀಸದ ಪುಡಿ ಹಾಕಿದರು, ಪಟ್ಟೆ ಪಟ್ಟೆಯಾಯಿತು. ಹಳೇ ಕೊಡೆ ನೆನೆಸಿದ ಕಪ್ಪು ನೀರಿಗೂ ಅದ್ದಿ ನೋಡಿದರು. ಲೋಕದಲ್ಲಿ ಮಕ್ಕಳು ಮರಿಯೆಲ್ಲ ಅರೆಗಳಿಗೆಯಲ್ಲಿ ಮಾಡುವ ಕೆಲಸ ತಮಗೆ ಬರುವುದಿಲ್ಲ ಎಂದು ಆ ವಯಸ್ಸಿನಲ್ಲಿ ತಿಳಿದು ಅವರಿಗೆ ಅಳು ಬರುವ ಹಾಗಾಯಿತು.

ತಾರಸಿಯ ಮೆಟ್ಟಿಲ ಕಡೆಗೆ ತೆರೆಯುವ ಕಿಟಕಿಯ ಪರದೆ ಒಮ್ಮೆ ಅಲುಗಿತು. ಗಾಳಿ ಇರಬೇಕು ಎಂದುಕೊಂಡರು. ತಿಂಡಿಯ ಹೊತ್ತಿಗೆ ಸೊಸೆ ಅವರ ಮುಖ ನೋಡಿ, ಅತ್ತೆ, ಮೂಗಿನ ಮೇಲೆ ಬೂದಿ ಹತ್ತಿದೆ ಎಂದಳು. ಹೂವಿನ ಕುಂಡಕ್ಕೆ ಬೂದಿ ಹಾಕುತ್ತಿದ್ದೆ ಎಂದು ಬಿಳಿಯಮ್ಮ ಒರೆಸಿಕೊಂಡರು. ಆ ಮನೆಯಲ್ಲಿ ಹೂವಿನ ಕುಂಡ ಇರಲಿಲ್ಲ. ಸೊಸೆ ತಟ್ಟೆ ಎತ್ತಿಕೊಂಡು ಹೋದಳು.

ಬುಧವಾರ ರಾತ್ರಿಯ ಹೊತ್ತಿಗೆ ಅಡುಗೆಮನೆಯ ದೀಪದಲ್ಲಿ ಬಟ್ಟೆ ಸುಮಾರಾಗಿ ಬೂದು ಅನ್ನಿಸಿತು. ಅದನ್ನು ಮಡಿಸಿ ಚೀಲದ ಹೊರಜೇಬಿಗೆ ಹಾಕಿದರು. ಒಳಜೇಬು ಇಣುಕುವಷ್ಟು ವ್ಯವಧಾನ ಅವರಿಗಿರಲಿಲ್ಲ.

ಗುರುವಾರ ಸಂಜೆ ಮೂಲೆಯ ಬೇಕರಿಯ ಮುಂದೆ ಯಜಮಾನರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗಡಿಯಾರ ನೋಡುವುದೇ ಹವ್ಯಾಸವಾದ ಮನುಷ್ಯ. ಏಳೂವರೆಗೆ ಇನ್ನೊಂದು ಅಂಗಡಿಗೆ ಹೋಗಬೇಕು ಎಂದು ಮೊದಲೇ ಹೇಳಿದರು. ಜಾಗ ಕಂಡು ಸೊಸೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಹೊರಗೆ ಹಳದಿ ಬೀದಿದೀಪ. ಒಳಗೆ ಬ್ರೆಡ್ಡಿನ ಕಪಾಟಿನ ಮೇಲೆ ಹೊಸ ಬಗೆಯ, ನೀಲಿ ಛಾಯೆಯ ಎರಡು ಟ್ಯೂಬು. ಪಕ್ಕದ ಔಷಧಿ ಅಂಗಡಿಯ ಫಲಕದಿಂದ ಹಸಿರು ಬೆಳಕು ಬಂದು ಬನ್ನುಗಳ ಮೇಲೆ ಕೂತಿತ್ತು.

ಹಸಿರಿನ ವಿಚಾರ ಬಿಳಿಯಮ್ಮ ನೋಡಿಕೊಂಡರು. ಔಷಧಿ ಅಂಗಡಿಯವನು ಮೊದಲು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವರು ಅವನ ಬಿಳಿ ಕೋಟಿನ ಕಾಲರನ್ನು ಎರಡು ಬೆರಳಲ್ಲಿ ಹಿಡಿದು, ಇದರಲ್ಲಿ ಸೋಪು ಉಳಿದಿದೆ, ಕತ್ತು ಕೆರೆಯುತ್ತಾ ಎಂದು ಕೇಳಿದರು. ಕೆರೆಯುತ್ತಿತ್ತು. ಐದು ನಿಮಿಷದ ನಂತರ, ಒಗೆಯುವ ವಿಧಾನವನ್ನು ಚೀಟಿಯಲ್ಲಿ ಬರೆದುಕೊಂಡು ಅವನು ಫಲಕ ಆರಿಸಿದ. ಇತ್ತ ಸೊಸೆ ಒಳಗಿನ ಟ್ಯೂಬುಗಳಿಗೆ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ ಸುತ್ತಿಸಿದಳು. ಅಂಗಡಿ ಪೂರ್ತಿ ಹಳದಿಯಾಯಿತು. ಯಜಮಾನರು ಗಾಬರಿಯಾಗಿ ಎದ್ದರು. ಬೀದಿದೀಪದ ಬಣ್ಣ ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಅದಕ್ಕೆ ಒಳಗಿನದನ್ನೂ ಅದರ ಹಾಗೇ ಮಾಡಿದ್ದೇನೆ, ಈಗ ಎರಡನ್ನೂ ಒಂದೇ ಏಟಿಗೆ ಸರಿ ಮಾಡಬಹುದು ಎಂದು ಅವಳು ಸಮಾಧಾನ ಹೇಳಿದಳು. ಇನ್ನು ಬಟ್ಟೆಯೊಂದೇ ಬಾಕಿ.

ಅವಳು ಹೊರಜೇಬಿನಿಂದ ಬಟ್ಟೆ ತೆಗೆದು ಕೊಡವಿ ಅತ್ತೆಯ ಕೈಗಿತ್ತಳು. ಬಿಳಿಯಮ್ಮ ಕಪಾಟಿನ ಮುಂದೆ ಹೋಗಿ ಅದನ್ನು ಬಿಡಿಸಿ ಹಿಡಿದರು. ಅಷ್ಟು ಹಳದಿಯಲ್ಲೂ ಅವರ ಕಣ್ಣಿಗೆ ಎಲ್ಲ ಕಂಡಿತು. ಇಲ್ಲಿ ಟೀ, ಅಲ್ಲಿ ಬೂದಿ, ಮೂಲೆಯಲ್ಲಿ ಕೊಡೆ, ನಡುವೆ ತಮ್ಮದೇ ನೀಲಿ. ಕ್ಯಾಮೆರಾದ ಹಿಂದೆ ಸೊಸೆ ಒಂದು ಕಣ್ಣು ಮುಚ್ಚಿ ಕಾಯುತ್ತಿದ್ದಳು. ಅವಳ ಇನ್ನೊಂದು ಕಣ್ಣಿನಲ್ಲಿ ಆ ಸ್ಟೂಲು ಬಿಳಿಯಮ್ಮನಿಗೆ ಸ್ಪಷ್ಟವಾಗಿ ಕಂಡಿತು. ಅವರು ಬಟ್ಟೆಯನ್ನು ಕೆಳಗಿಳಿಸಿದರು.

"ಈ ಬಟ್ಟೆ ಬೇಡ."

"ಯಾಕತ್ತೆ?"

"ಇದನ್ನ ನಾನು ಒಗೆದಿದೀನಿ."

"ಒಗೆದ್ರೆ ಒಳ್ಳೇದೇ ಅಲ್ವಾ?"

"ನೀಲಿ ಹಾಕಿ ಒಗೆದೆ. ನಾಲ್ಕು ಸಲ. ಆಮೇಲೆ ಕೊಳೆ ಮಾಡೋಕೆ ಹೋದೆ, ಅದು ನನಗೆ ಬರಲಿಲ್ಲ. ನಿನ್ನ ಫೋಟೋ ಹಳದಿ ಆಗಿದ್ದು ನನ್ನಿಂದ. ಆ ಹಲ್ಲಿನ ಡಾಕ್ಟ್ರ ಹತ್ರ ನೀನು ಮಾತು ಕೇಳಿದ್ದೂ ನನ್ನಿಂದಾನೇ. ತಪ್ಪಾಯ್ತು ಕಣಮ್ಮ."

ಮೂವತ್ತೆರಡು ವರ್ಷಕ್ಕೆ ಒಟ್ಟಿಗೇ ಸೇರಿಸಿ ಹೇಳಿದ ಹಾಗಿತ್ತು ಆ ಕಡೆಯ ಮಾತು. ಸೊಸೆ ಕ್ಯಾಮೆರಾದಿಂದ ಮುಖ ಎತ್ತಿ ಅತ್ತೆಯನ್ನೇ ನೋಡಿದಳು. ಯಜಮಾನರು ಗಡಿಯಾರ ನೋಡಿದರು. ಏಳೂ ಇಪ್ಪತ್ತು.

ಸೊಸೆಯ ಕೈ ಚೀಲದ ಒಳಜೇಬಿನ ಕಡೆ ಹೋಗಿ ಅಲ್ಲೇ ನಿಂತಿತು. ಬಿಳಿಯಮ್ಮ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಅವರ ಕಣ್ಣು ಆಗಲೇ ಅಂಗಡಿಯೆಲ್ಲ ತಡಕಾಡುತ್ತಿತ್ತು. ಹಿಟ್ಟು? ಅದು ಕೆನೆಯ ಬಿಳಿ, ಆಗದು. ಕಾಗದದ ಚೀಲ? ಅದಕ್ಕೆ ಕಾರ್ಖಾನೆಯವರೇ ನೀಲಿ ಕುಡಿಸಿರುತ್ತಾರೆ. ಕೆಲಸದವನ ಏಪ್ರನ್ನು ಮೂಳೆಯ ಬಿಳಿ, ಅದರ ಮೇಲೆ ಬೆಣ್ಣೆ ಬೇರೆ. ಬಣ್ಣವೇ ಇಲ್ಲದ ಒಂದೇ ಒಂದು ವಸ್ತು ಬೇಕಿತ್ತು. ಗಾಜಿನ ಕಪಾಟಿನಲ್ಲಿ ಆಗ ಅವರಿಗೆ ಅವರದೇ ಬಿಂಬ ಕಂಡಿತು.

ಅವರು ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡು, ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಬಾಯಲ್ಲಿ ಕಚ್ಚಿಕೊಂಡರು. ಕರಿಯದೆಷ್ಟೋ ಬಿಳಿಯದೂ ಅಷ್ಟೇ ಇದ್ದ ದಟ್ಟ ಕೂದಲು ಸೊಂಟದವರೆಗೆ ಇಳಿಯಿತು. ಬ್ರೆಡ್ಡಿನ ಕಡೆ ಮುಖ ಮಾಡಿ ಬೆನ್ನು ತಿರುಗಿಸಿ ನಿಂತು, ಪಿನ್ನುಗಳ ಸಂದಿಯಿಂದಲೇ ಹೇಳಿದರು.

"ಇದರ ಫೋಟೋ ತೆಗಿ. ಇದಕ್ಕಿಂತ ಬೂದು ಈ ಬೀದೀಲಿ ಇಲ್ಲ."

ಸೊಸೆ ಕೈಯನ್ನು ಒಳಜೇಬಿನಿಂದ ಹಿಂದಕ್ಕೆ ತೆಗೆದುಕೊಂಡಳು.

"ಅತ್ತೆ, ಇದಕ್ಕೆ ನೀಲಿ ಹಾಕಿಲ್ಲ ತಾನೆ?"

"ಇವತ್ತು ಬೆಳಿಗ್ಗೆ ತೊಳೆದಿದೀನಿ. ಸೋಪು ಬಿಟ್ರೆ ಏನೂ ಸೋಕಿಸಿಲ್ಲ."

ಅವಳು ಹತ್ತಿರ ಬಂದು, ಆ ತಲೆಗೂದಲೇ ಚೌಕಟ್ಟು ತುಂಬುವ ಹಾಗೆ ಒಂದು ಚಿತ್ರ ತೆಗೆದು, ಇದು ಬೂದು ಎಂದು ಕ್ಯಾಮೆರಾಕ್ಕೆ ತಿಳಿಸಿದಳು. ಔಷಧಿ ಅಂಗಡಿಯವನು ಬಾಗಿಲಿಗೆ ಬಂದು, ಈ ಅಮ್ಮ ಬ್ರೆಡ್ಡಿಗೇಕೆ ಕೂದಲು ಬಿಚ್ಚಿ ತೋರಿಸುತ್ತಿದ್ದಾರೆ ಎಂದು ತಲೆ ಕೆರೆದುಕೊಂಡ. ಬಿಳಿಯಮ್ಮ ತುರುಬು ಸುತ್ತುತ್ತ ಪಕ್ಕಕ್ಕೆ ಸರಿದರು. ಸೊಸೆ ಉಸಿರು ಬಿಗಿಹಿಡಿದು ಅಂಗಡಿಯ ಚಿತ್ರ ತೆಗೆದು, ಕ್ಯಾಮೆರಾವನ್ನು ಯಜಮಾನರ ಕೈಗೆ ಕೊಟ್ಟಳು.

ಯಜಮಾನರು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಒಳಗಿನಿಂದ ಒಂದು ಬ್ರೆಡ್ಡು ತರಿಸಿ ಅದನ್ನು ತಿರುಗಿಸಿ ತಿರುಗಿಸಿ, ಮತ್ತೆ ಚಿತ್ರ ನೋಡಿದರು. ಚಿತ್ರದಲ್ಲಿ ಬ್ರೆಡ್ಡಿನ ನೆತ್ತಿ ಕಂದಾಗಿತ್ತು, ಪಕ್ಕದ ಬಣ್ಣ ತಿಳಿಯಾಗಿತ್ತು, ಗೋಡೆ ಗೋಡೆಯ ಹಾಗೇ ಬಿಳಿಯಾಗಿತ್ತು. ಬೀದಿಯ ಹಳದಿ ಎಲ್ಲೋ ಮಾಯವಾಗಿತ್ತು.

"ಬೆಳಿಗ್ಗೆ ಐದಕ್ಕೆ ಒಲೆಯಿಂದ ತೆಗೆದಾಗ ಹೀಗೇ ಇರುತ್ತೆ," ಎಂದರು ಯಜಮಾನರು. "ಸೋಮವಾರದಿಂದ ಉಳಿದ ಅಂಗಡಿ ಶುರು ಮಾಡಿ. ಆ ಅಮ್ಮನ್ನೂ ಕರ್ಕೊಂಡು ಬನ್ನಿ."

ಹೊರಡುವ ಮೊದಲು ಬಿಳಿಯಮ್ಮ ಅವರಿಗೆ ಏಪ್ರನ್ನುಗಳ ಬಗ್ಗೆ ನಾಲ್ಕು ಮಾತು ಹೇಳದೆ ಬಿಡಲಿಲ್ಲ. ಯಜಮಾನರಿಗೆ ಏಳೂವರೆಯ ಕೆಲಸ ತಪ್ಪಿತು.

ಮನೆಗೆ ಬರುವ ದಾರಿಯಲ್ಲಿ ಸೊಸೆ ಬಟ್ಟೆಯ ಮಾತೇ ಎತ್ತಲಿಲ್ಲ. ಭಾವನಿಗೆ ಫೋನು ಮಾಡಿ ಸ್ಟೂಲಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದಳು, ಅಷ್ಟು ಹೇಳುವಾಗ ಅವಳ ನಡಿಗೆಯೇ ಬದಲಾಗಿತ್ತು. ಬಿಳಿಯಮ್ಮನಿಗೆ ಸಂತೋಷವಾಯಿತು, ಜೊತೆಗೆ ಭಯವೂ ಉಳಿಯಿತು. ಮನೆಯಲ್ಲಿ ಅವಳು ಉಡುಪು ಬದಲಿಸಲು ಒಳಕೋಣೆಗೆ ಹೋದಾಗ, ಕಡೆಯ ಸಲ ಎಂಬಂತೆ ಅವರು ಚೀಲವನ್ನು ಜೋಡಿಸಿಡಲು ಕೂತರು. ಒಳಜೇಬಿನಲ್ಲಿ ಕೈಗೆ ಏನೋ ಗಟ್ಟಿಯಾಗಿ ತಾಗಿತು.

ಹೊಸ ಬೂದು ರಟ್ಟು. ಪ್ಲಾಸ್ಟಿಕ್ ಕವರಿನ ಮೇಲೆ ಅಂಗಡಿಯವರ ಚೀಟಿ, ಅದರಲ್ಲಿ ಸೋಮವಾರದ ತಾರೀಖು.

ಬಿಳಿಯಮ್ಮನಿಗೆ ಅಲುಗಿದ ಪರದೆ ನೆನಪಾಯಿತು, ಮೂಗಿನ ಮೇಲಿನ ಬೂದಿ ನೆನಪಾಯಿತು, ಇಲ್ಲದ ಹೂವಿನ ಕುಂಡ ನೆನಪಾಯಿತು. ಮುಖ ಬಿಸಿಯಾಯಿತು. ಮೂರು ದಿನ ತಾವು ತಾರಸಿಯಲ್ಲಿ ಪಟ್ಟ ಪಾಡನ್ನು ಈ ಹುಡುಗಿ ಕಿಟಕಿಯಲ್ಲಿ ನಿಂತು ನೋಡಿ ಮುಸಿಮುಸಿ ನಕ್ಕಿದ್ದಾಳೆ. ಎಲ್ಲರೆದುರು ತುರುಬು ಬಿಚ್ಚಿಸಿ ನಿಲ್ಲಿಸಿದ್ದಾಳೆ. ಕೋಪದಲ್ಲಿ ಕವರನ್ನು ತಿರುಗಿಸಿದರು. ಆಗ ಇನ್ನೊಂದು ಕಂಡಿತು. ಕವರು ಒಡೆದಿರಲಿಲ್ಲ. ಅಂಟಿಸಿದ ಟೇಪು ಹಾಗೇ ಇತ್ತು. ಸರಿಯಾದ ಬೂದು ಕೈಯಳತೆಯಲ್ಲಿರುವಾಗಲೇ, ಹನ್ನೆರಡು ಅಂಗಡಿಯನ್ನು ಅವಳು ಅತ್ತೆಯ ತಲೆಗೂದಲನ್ನು ನಂಬಿ ಪಣಕ್ಕಿಟ್ಟಿದ್ದಳು.

"ಲೇ," ಎಂದು ಅವರು ಒಳಕೋಣೆಯ ಕಡೆ ಕೂಗಿದರು. "ಸೋಮವಾರವೇ ಗೊತ್ತಿತ್ತಾ ನಿಂಗೆ?"

"ನೀವು ಯಾವಾಗ ಹೇಳ್ತೀರಿ ಅಂತ ಕಾಯ್ತಿದ್ದೆ ಅತ್ತೆ," ಎಂದು ಒಳಗಿನಿಂದ ಉತ್ತರ ಬಂತು. "ಬರೋ ಸೋಮವಾರ ಸಂಜೆ ಐದೂವರೆಗೇ ರೆಡಿಯಾಗಿ. ಎರಡನೇ ಅಂಗಡಿ ದೂರ ಇದೆ."

ಬಿಳಿಯಮ್ಮ ಕಣ್ಣೊರೆಸಿಕೊಂಡರು. ಸೋಪಿನ ಪುಡಿ ಹೋಗಿರಬೇಕು ಎಂದುಕೊಂಡರು, ಸುತ್ತಮುತ್ತ ಸೋಪಿನ ಪುಡಿ ಇರಲಿಲ್ಲ. ಹೊಸ ರಟ್ಟನ್ನು ಒಳಜೇಬಿಗೇ ಮರಳಿ ಸೇರಿಸಿ, ಚೀಲದ ಜಿಪ್ಪು ಎಳೆದು, ಅದನ್ನು ತಮ್ಮ ಕೈಗೂ ಸುಲಭವಾಗಿ ಎಟುಕದ ಹಾಗೆ ಬೀರುವಿನ ಮೇಲಿಟ್ಟರು. ಆಮೇಲೆ ಹೆಗಲ ಮೇಲಿದ್ದ ಹಳೇ ಬಟ್ಟೆಯನ್ನು ಕೈಗೆ ತೆಗೆದುಕೊಂಡು ನೋಡಿದರು. ಟೀ, ಬೂದಿ, ಸೀಸ, ಕೊಡೆಯ ಕಪ್ಪು. ನಿವೃತ್ತಿಯಾದ ಮೇಲೆ ಇಷ್ಟು ಕೊಳೆ ಒಟ್ಟಿಗೆ ಸಿಕ್ಕಿರಲಿಲ್ಲ. ಇನ್ನು ಇದು ಯಾರಿಗೂ ಬೇಡ. ಅವರು ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ಬಿಟ್ಟು, ತೋಳು ಮೇಲಕ್ಕೇರಿಸಿ, ನೀಲಿಯ ಡಬ್ಬಿ ಕೆಳಗಿಳಿಸಿದರು.